ತುಟಿ ಕಾಣುವಷ್ಟು ದೊಡ್ಡ ಟಿವಿ

ನಮ್ಮ ಅಕ್ಕನಿಗೆ ಕಿವಿ ಕೇಳುವುದಿಲ್ಲ ಎಂದರೆ ಸಾಕು, ಜನ ಮುಖದ ಮೇಲೊಂದು ಅಯ್ಯೋ ಪಾಪ ತಂದುಕೊಂಡು, ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕೇಳದ ಕಿವಿಗೆ ಕಿರುಚಿ ಯಾವ ಪುರುಷಾರ್ಥ? ತುಟಿ ಕಂಡರೆ ಸಾಕು, ಪಿಸುಗುಟ್ಟಿದರೂ ಅವಳಿಗೆ ಪೂರ್ತಿ ಗೊತ್ತಾಗುತ್ತದೆ. ಕೆಲವೊಮ್ಮೆ ಗೊತ್ತಾಗಬಾರದ್ದೂ ಗೊತ್ತಾಗುತ್ತದೆ.

ಅವಳು ಹುಟ್ಟುಕಿವುಡಿಯಲ್ಲ. ಅವಳ ಕಿವಿಯನ್ನು ತಿಂದದ್ದು ಮಗ್ಗದ ಶೆಡ್ಡು. ಇಬ್ಬರೂ ಲಂಗ ಬಿಟ್ಟು ದೊಡ್ಡವರ ಬಟ್ಟೆ ತೊಡುವ ವಯಸ್ಸಿಗೇ ಅಲ್ಲಿ ಕೆಲಸಕ್ಕೆ ಸೇರಿದೆವು. ತಗಡು ಹೊದಿಸಿದ ಉದ್ದನೆಯ ಕಟ್ಟಡ, ಸಾಲಾಗಿ ಕರೆಂಟಿನ ಮಗ್ಗಗಳು, ಲಾಳಿ ಅತ್ತಿಂದಿತ್ತ ಬಡಿಯುವ ಸದ್ದು. ಅಲ್ಲಿ ಕೂಗಿದರೆ ಗಂಟಲು ಹೋಗುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಹಾಗಾಗಿ ಹೆಂಗಸರೆಲ್ಲ ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು, ಧ್ವನಿ ಇಲ್ಲದೆ. ಕೈ ಹರಿದ ನೂಲಿಗೆ ಗಂಟು ಹಾಕುತ್ತಿದ್ದರೆ ಬಾಯಿ ಮೇಸ್ತ್ರಿಯ ಜನ್ಮ ಜಾಲಾಡುತ್ತಿತ್ತು. ಅವನು ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿರುತ್ತಿದ್ದ.

ಈ ವಿದ್ಯೆಯಲ್ಲಿ ನಾವೆಲ್ಲ ಸುಮಾರು, ಅಕ್ಕ ಮಾತ್ರ ಪಂಡಿತೆ. ಶೆಡ್ಡಿನ ಒಂದು ತುದಿಯಲ್ಲಿ ನಿಂತು, ಇನ್ನೊಂದು ತುದಿಯ ಗಾಜಿನ ಕೋಣೆಯಲ್ಲಿ ಧಣಿ ಫೋನಿನಲ್ಲಿ ಆಡುವ ಮಾತನ್ನು ಓದಿ ನಮಗೆ ದಾಟಿಸುತ್ತಿದ್ದಳು. ಯಾರನ್ನು ಕೆಲಸದಿಂದ ತೆಗೆಯುತ್ತಾರೆ ಎನ್ನುವುದು ಮೇಸ್ತ್ರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅವಳಿಗೆ ದುರ್ಬೀನು ಎಂದು ಹೆಸರು ಬಿದ್ದದ್ದು ಹಾಗೆ. ನನ್ನ ಅಡ್ಡಹೆಸರು ಬಾಯಿಬಡಕಿ. ಅದಕ್ಕೆ ಕಾರಣ ಹೇಳಬೇಕಾಗಿಲ್ಲ.

ಭಾವ ಅದೇ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಎದೆಯಲ್ಲಿ ಹತ್ತಿಯ ಧೂಳು ತುಂಬಿಕೊಂಡು ಬೇಗ ಹೋಗಿಬಿಟ್ಟರು. ಅಕ್ಕ ಒಬ್ಬಳೇ ಮಗನನ್ನು ಓದಿಸಿದಳು. ಅವನೀಗ ಪಾರ್ಸೆಲ್ ಗೋದಾಮಿನಲ್ಲಿ ಸೂಪರ್‌ವೈಸರ್. ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಕಂಡವರ ತೋಳಿಗೆ ಸೂಜಿ ಚುಚ್ಚಿ ಬಂದರೂ ಮನೆಯಲ್ಲಿ ಚುಚ್ಚುಮಾತು ಆಡುವವಳಲ್ಲ, ಅದನ್ನು ಒಪ್ಪಲೇಬೇಕು. ನಾನು ಮದುವೆಯ ಗೋಜಿಗೆ ಹೋಗದೆ ಶೆಡ್ಡಿನ ಹತ್ತಿರದ ಹಳೆಯ ವಠಾರದಲ್ಲಿ ಒಂದೇ ಕೋಣೆಯಲ್ಲಿದ್ದೇನೆ.

ಮಗನ ಮನೆ ಚಿಕ್ಕದು. ಕಿರಿದಾದ ಹಜಾರ, ಅದಕ್ಕೆ ಅಂಟಿಕೊಂಡಂತೆ ಅಕ್ಕನ ಕೋಣೆ, ಹಿಂದೆ ಗಂಡ ಹೆಂಡಿರ ಕೋಣೆ. ಹಜಾರಕ್ಕೂ ಅಕ್ಕನ ಕೋಣೆಗೂ ನಡುವಿನ ಗೋಡೆ ಒಡೆಸಿ ಒಂದು ದೊಡ್ಡ ಫ್ಯಾಮಿಲಿ ರೂಮು ಮಾಡೋಣ ಎಂದು ಮಗ ಹೊರಟ. ಹೆಸರು ಕೇಳಿ ನನಗೆ ನಗು ಬಂತು. ಹಾಗಾದರೆ ಇಷ್ಟು ದಿನ ಆ ಕೋಣೆಗಳಲ್ಲಿ ಇದ್ದವರು ಯಾರು, ಪರದೇಶಿಗಳೇ ಎಂದು ಕೇಳಿದೆ. ಅಕ್ಕ ಮಾತ್ರ ಒಂದೇ ಮಾತಿಗೆ ಒಪ್ಪಿದಳು. ತನ್ನ ಕೋಣೆ ಹೋಗುತ್ತದೆ ಎನ್ನುವ ಚಿಂತೆಯೇ ಅವಳಿಗಿರಲಿಲ್ಲ, ಏಕೆಂದರೆ ಮಗ ಅವಳ ಮುಂದೆ ನಿಂತು ಹೀಗೆ ಹೇಳಿದ್ದ:

"ಕಿಟಕಿ ಪಕ್ಕದ ಮೂಲೇಲಿ ನಿನ್ನ ಮಂಚ ಹಾಕ್ತೀನಮ್ಮ. ಎದುರು ಗೋಡೆಗೆ ದೊಡ್ಡ ಟಿವಿ. ನ್ಯೂಸ್ ಓದೋರ ತುಟಿ ಮಲಗಿದಲ್ಲಿಂದಲೇ ನಿನಗೆ ಕಾಣುತ್ತೆ."

ಅದು ಅವಳ ಬಹುದಿನದ ಆಸೆ. ಹಳೆಯ ಟಿವಿಯಲ್ಲಿ ವಾರ್ತೆ ಓದುವವಳ ಬಾಯಿ ಅಂಗಿಯ ಗುಂಡಿಯಷ್ಟು ಕಾಣುತ್ತಿತ್ತು. ವಯಸ್ಸಾಗಿ ಅಕ್ಕನ ಕಣ್ಣೂ ಮೊದಲಿನಂತಿರಲಿಲ್ಲ. ಸ್ಟೂಲು ಎಳೆದುಕೊಂಡು ಪರದೆಗೆ ಮೂಗು ತಾಗುವ ಹಾಗೆ ಕೂರುತ್ತಿದ್ದಳು, ಹಿಂದಿದ್ದವರಿಗೆ ಏನೂ ಕಾಣದೆ ದಿನಾ ಕಿರಿಕಿರಿ. ಹೊಸ ರೂಮಿನಲ್ಲಿ ಎಲ್ಲರೊಂದಿಗೆ ಕೂತು, ಎಲ್ಲರಿಗೂ ತಿಳಿದದ್ದು ತನಗೂ ಅದೇ ಹೊತ್ತಿಗೆ ತಿಳಿಯುತ್ತದೆ ಎಂದು ಅವಳು ಹಿಗ್ಗಿದಳು. ಗೋಡೆ ಒಡೆಯುವ ದಿನ ಇಟ್ಟಿಗೆ ಚೂರನ್ನು ಬುಟ್ಟಿಗೆ ತುಂಬಲು ತಾನೇ ಬಗ್ಗಿ ನಿಂತಿದ್ದಳು.

ಗಾರೆ ಕೆಲಸ, ಟೈಲ್ಸು, ಬಣ್ಣ ಎಲ್ಲ ಮುಗಿದ ಮೇಲೆ ಉಳಿದದ್ದರಲ್ಲಿ ಟಿವಿ ಬರಬೇಕಿತ್ತು. ಅದಕ್ಕಿಂತ ಒಂದು ಕಾಸೂ ಮೇಲೆ ಹೋಗಬಾರದೆಂದು ಗಂಡ ಹೆಂಡತಿ ಗೆರೆ ಎಳೆದಿದ್ದರು. ಒಂದು ಭಾನುವಾರ ನಾಲ್ವರೂ ಅಂಗಡಿಗೆ ಹೋದೆವು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೆ ನಾನಿಲ್ಲದೆ ಅಕ್ಕ ಒಂದು ಬಕೆಟ್ಟನ್ನೂ ಕೊಂಡವಳಲ್ಲ.

ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಅದೇ ಮೀನು, ಅದೇ ಹವಳ, ಅದೇ ನೀಲಿ ನೀರು. ಸೇಲ್ಸ್‌ನವನು ಬಣ್ಣ ನೋಡಿ, ಹೊಳಪು ನೋಡಿ ಎಂದು ಶುರುಮಾಡಿದ.

"ಮೀನು ಬೇಡಪ್ಪ, ಮನುಷ್ಯರನ್ನ ತೋರಿಸು," ಎಂದಳು ಅಕ್ಕ. ತನ್ನ ಧ್ವನಿ ತನಗೇ ಕೇಳದ ಕಾರಣ ಅವಳ ಮಾತು ಒಮ್ಮೆ ನೆಲ ಕಚ್ಚುತ್ತದೆ, ಒಮ್ಮೆ ಸೂರು ಹಾರಿಸುತ್ತದೆ. ಅಂಗಡಿಯೆಲ್ಲ ತಿರುಗಿ ನೋಡಿತು.

ಅವನು ಯಾವುದೋ ಸಿನಿಮಾ ಹಾಕಿದ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, "ಇವನೇನೋ ಬಡಬಡಿಸ್ತಾನೆ, ನಮ್ಮ ಮಾತೇ ಅಲ್ಲ ಇದು," ಎಂದಳು. ನಾನು ಕಿವಿಗೊಟ್ಟರೆ ಕೇಳುತ್ತಿರುವುದು ನಮ್ಮ ಮಾತೇ. ಡಬ್ಬಿಂಗ್ ಸಿನಿಮಾ ಅದು. ನನಗೆ ಕೇಳಿದ ಮಾತಿಗೂ ಅವಳಿಗೆ ಕಂಡ ಮಾತಿಗೂ ಸಂಬಂಧವೇ ಇರಲಿಲ್ಲ. ಕೊನೆಗೆ ವಾರ್ತೆ ಹಾಕಿಸಿದೆವು. ಅಕ್ಕ ಒಂದೊಂದೇ ಟಿವಿಯ ಮುಂದೆ ನಿಂತು, ಹಿಂದಕ್ಕೆ ಹೆಜ್ಜೆಯಿಟ್ಟು, ಮಂಚ ಎಷ್ಟು ದೂರವೋ ಅಷ್ಟು ದೂರದಿಂದ ತುಟಿ ಓದಿ ನೋಡಿದಳು.

ಹಾಗೆ ಓದಿ ಓದಿ ಅವಳೇ ಒಂದನ್ನು ಹಿಡಿದಳು. ದೊಡ್ಡದು, ಕೇಳರಿಯದ ಕಂಪನಿಯದು, ನಮ್ಮ ಗೆರೆಯೊಳಗೇ ಇತ್ತು. ಸೇಲ್ಸ್‌ನವನು ಮುಖ ಹುಳಿಮಾಡಿ, "ಅದರ ಸೌಂಡ್ ಸುಮಾರು ಮೇಡಂ. ಇದೇ ರೇಟಿಗೆ ಈ ಚಿಕ್ಕದು ತಗೊಳ್ಳಿ, ಸೌಂಡ್ ಎದೆಗೆ ಬಡಿಯುತ್ತೆ," ಎಂದ.

"ಎದೆಗೆ ಬಡಿಯೋ ಸದ್ದಿನಲ್ಲೇ ಅರ್ಧ ಆಯಸ್ಸು ಕಳೆದಿದ್ದೀನಿ," ಎಂದು ಅಕ್ಕ ನಕ್ಕಳು. "ಸೌಂಡ್ ಕಟ್ಕೊಂಡು ನಾನೇನು ಮಾಡ್ಲಿ?"

ಎಲ್ಲರೂ ನಕ್ಕರು. ಮಗ ಆಯಿತು ಇದೇ ಇರಲಿ ಎಂದ. ಅಲ್ಲಿಗೆ ಕೆಲಸ ಮುಗಿದು ನಾವು ಮನೆಗೆ ಹೋಗಬಹುದಿತ್ತು. ಆದರೆ ನಾನು ಬಿಡಬೇಕಲ್ಲ? ನನ್ನ ಚೀಲದಲ್ಲಿ ಬಟ್ಟೆ ಅಳೆಯುವ ಟೇಪು ಇತ್ತು. ಅಡ್ಡಕ್ಕೆ ಅಳೆದು ನೋಡಿದರೆ ಹೇಳಿದ ಇಂಚಿಗಿಂತ ಕಡಮೆ! ಹಿಡಿದೆ ಸೇಲ್ಸ್‌ನವನ ಜುಟ್ಟು.

"ಅಜ್ಜಿ, ಟಿವೀನ ಮೂಲೆಯಿಂದ ಮೂಲೆಗೆ ಅಳೀತಾರೆ," ಎಂದ ಅವನು.

"ಯಾವ ಸೀಮೆ ನ್ಯಾಯವಯ್ಯ ಅದು? ನಾವು ಬಟ್ಟೇನ ಮೂಲೆಯಿಂದ ಮೂಲೆಗೆ ಅಳೆದು ಕೊಟ್ಟಿದ್ರೆ ಧಣಿ ನಮ್ಮ ಚರ್ಮ ಸುಲೀತಿದ್ದ. ಮತ್ತೆ ಅಜ್ಜಿ ಅಂದ್ಯೋ ನೋಡು!"

ನಮ್ಮ ಈ ಜಟಾಪಟಿ ನಡೆಯುತ್ತಿದ್ದಾಗ ಅಕ್ಕ ಪಕ್ಕದ ಸಾಲಿನಲ್ಲಿ ಅಂಗಡಿಯ ಅತಿ ದೊಡ್ಡ ಟಿವಿಯ ಮುಂದೆ ನಿಂತಿದ್ದಳು. ನಾವು ಕೊಳ್ಳುವಂಥದ್ದಲ್ಲ, ಸುಮ್ಮನೆ ನೋಡಲು. ಅದು ಆಫ್ ಆಗಿತ್ತು. ಕಪ್ಪು ಗಾಜಿನಲ್ಲಿ ಅವಳ ಹಿಂದಿನದೆಲ್ಲ ಕಾಣುತ್ತಿತ್ತು. ನಾಲ್ಕೇ ಹೆಜ್ಜೆ ಹಿಂದಿನ ಕಂಬದ ಹತ್ತಿರ ಮಗ, ಸೊಸೆ ನಿಂತು ಪಿಸುಮಾತಿನಲ್ಲಿದ್ದುದೂ ಕಾಣುತ್ತಿತ್ತು. ತುಟಿಗೆ ಎಡ ಬಲ ಎಂದಿಲ್ಲ, ಕನ್ನಡಿಯಲ್ಲೂ ಅದು ಅದೇ ಮಾತಾಡುತ್ತದೆ. ಅಭ್ಯಾಸಬಲದಿಂದ ಅಕ್ಕ ಓದಿದಳು.

ಸೊಸೆ ಹೇಳುತ್ತಿದ್ದಳು: "ಅಮ್ಮನ್ನ ಆಶ್ರಮಕ್ಕೆ ಸೇರಿಸಿಬಿಡೋಣ. ಇಟ್ಕೊಳ್ಳೋಕೆ ಜಾಗ ಎಲ್ಲಿದೆ ಹೇಳಿ?"

ಮಗ ಹೇಳಿದ: "ಅಮ್ಮನಿಗೆ ಈಗಲೇ ಹೇಳೋದು ಬೇಡ. ತುಂಬ ಬೇಜಾರು ಮಾಡ್ಕೋತಾಳೆ."

ನಾನು ಜಗಳ ಗೆದ್ದೆನೋ ಸೋತೆನೋ ತಿಳಿಯದೆ ತಿರುಗಿದಾಗ ಅಕ್ಕ ಬಿಲ್ಲು ಮಾಡುವ ಮೇಜಿನ ಹತ್ತಿರ ಬಂದಿದ್ದಳು.

"ದೊಡ್ಡದು ಬೇಡ," ಎಂದಳು. "ಸೌಂಡ್ ಚೆನ್ನಾಗಿರೋದೇ ತಗೊಳ್ಳಿ."

"ಅಯ್ಯೋ, ಅದರಲ್ಲಿ ನಿನಗೆ ತುಟಿ ಕಾಣಲ್ಲಮ್ಮ," ಎಂದ ಮಗ.

"ಕೇಳಿಸ್ಕೊಳ್ಳೋರು ನೀವು. ನಿಮಗೆ ಚೆನ್ನಾಗಿರಲಿ."

ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ವಯಸ್ಸಾದವರ ಚಿತ್ತ, ಗಳಿಗೆಗೊಂದು ಬಣ್ಣ ಎಂದುಕೊಂಡು ಅವನು ಚಿಕ್ಕದನ್ನೇ ಕೊಂಡ.

ಬಸ್ಸಿನಲ್ಲಿ ಅಕ್ಕನೂ ನಾನೂ ಒಂದು ಸೀಟು, ಅವರಿಬ್ಬರೂ ಮುಂದಿನದು. ಅಕ್ಕ ನನ್ನ ಮೊಣಕೈ ಮುಟ್ಟಿ, ಶೆಡ್ಡಿನಲ್ಲಿ ಮಾತಾಡುತ್ತಿದ್ದ ಹಾಗೆ, ಉಸಿರೂ ಹೊರಡಿಸದೆ ಎಲ್ಲವನ್ನೂ ತುಟಿಯಲ್ಲಿ ಹೇಳಿದಳು. ಅವನ ಕಾಲರ್ ಹಿಡಿದು ಬಸ್ಸಿನಿಂದ ಇಳಿಸಿಬಿಡೋಣ ಎನ್ನಿಸಿತು. ಅಕ್ಕ ನನ್ನ ಕೈ ಅದುಮಿ ಹಿಡಿದಳು.

"ನನ್ನ ಆಣೆ ನಿನಗೆ. ಒಂದು ಮಾತಾಡಕೂಡದು. ಅವರು ಕಳಿಸೋ ಮೊದಲು ನಾನೇ ಹೊರಡ್ತೀನಿ. ಹೊರಹಾಕಿಸ್ಕೊಂಡೆ ಅನ್ನೋ ಮಾತು ನನಗೂ ಬೇಡ, ಹೊರಹಾಕಿದ ಅನ್ನೋದು ನನ್ನ ಮಗನಿಗೂ ಬೇಡ."

ಆಗಲೂ ಮಗನ ಮಾನವೇ ಅವಳಿಗೆ ದೊಡ್ಡದು! ನನಗೆ ಅಳು ಬಂತು. ಶೆಡ್ಡಿನಲ್ಲಿ ಕೆಲಸದಿಂದ ತೆಗೆಯುವ ಸುದ್ದಿ ಅಕ್ಕನಿಂದ ಮೊದಲೇ ತಿಳಿದ ಎಷ್ಟೋ ಹೆಂಗಸರು ಹಾಗೆಯೇ ಮಾಡುತ್ತಿದ್ದರು. ಮೇಸ್ತ್ರಿ ಕರೆಯುವ ಮೊದಲು ತಾವೇ ಹೋಗಿ, ನಾಳೆಯಿಂದ ಬರಲ್ಲ ಎಂದು ಹೇಳಿ, ತಲೆ ಎತ್ತಿಕೊಂಡು ಹೊರಗೆ ನಡೆಯುತ್ತಿದ್ದರು. ಅಕ್ಕ ಅವರನ್ನು ಮೆಚ್ಚಿ ಮಾತಾಡುತ್ತಿದ್ದಳು.

ಟಿವಿ ಗೋಡೆಗೆ ಏರಿದ ದಿನ ನಾನೂ ಅಲ್ಲಿದ್ದೆ. ಹೊಸ ಬಣ್ಣದ ವಾಸನೆ, ಹೊಳೆಯುವ ನೆಲ, ಕಿಟಕಿಯ ಮೂಲೆಯಲ್ಲಿ ಹೇಳಿದ ಹಾಗೆಯೇ ಅಕ್ಕನ ಮಂಚ. ಮಗ ರಿಮೋಟು ಹಿಡಿದು ಸಂಭ್ರಮದಲ್ಲಿದ್ದ. ಅಕ್ಕ ಮಂಚದ ಮೇಲೆ ಕೂತು, ಎಲ್ಲರ ಮುಖವೂ ಕಾಣುವ ಹಾಗೆ ತಿರುಗಿ, ಹೇಳಿದಳು:

"ನಾನು ತಂಗಿ ಹತ್ರ ಇರೋಣ ಅಂತಿದ್ದೀನಿ. ಅವಳೊಬ್ಬಳೇ ಆಗಿಬಿಟ್ಟಿದ್ದಾಳೆ. ನಮ್ಮ ಶೆಡ್ಡಿನೋರೂ ಅಲ್ಲೇ ಸುತ್ತಮುತ್ತ ಇದ್ದಾರೆ."

ರಿಮೋಟು ಮಗನ ಕೈಯಲ್ಲೇ ಉಳಿಯಿತು. ಅವನು ಹೆಂಡತಿಯನ್ನು ನೋಡಿದ, ಹೆಂಡತಿ ಮಂಚವನ್ನು ನೋಡಿದಳು. ಬೇಡಮ್ಮ ಎನ್ನುವ ಒಂದು ಮಾತಿಗಾಗಿ ನಾನು ದೇವರಿಗೆ ಹರಕೆ ಹೊರುವುದೊಂದು ಬಾಕಿ. ಅಕ್ಕನ ಕಣ್ಣು ಮಗನ ತುಟಿಯ ಮೇಲೇ ನೆಟ್ಟಿತ್ತು.

"ನಿನಗೆ ಹೇಗೆ ಖುಷಿನೋ ಹಾಗೆ ಮಾಡಮ್ಮ," ಎಂದ ಅವನು.

ಅಕ್ಕ ತಲೆಯಾಡಿಸಿದಳು. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಕ್ಕ ನನ್ನ ಕೋಣೆಗೆ ಬಂದಳು. ಇಬ್ಬರೂ ಮುದುಕಿಯರು ಒಂದು ಮಂಚ, ಒಂದು ಚಾಪೆ ಸರದಿಯ ಮೇಲೆ ಹಂಚಿಕೊಂಡೆವು. ಅವಳು ಹಗಲೆಲ್ಲ ಬಾಗಿಲಲ್ಲಿ ಕೂತು ಓಣಿಯಲ್ಲಿ ಓಡಾಡುವವರ ತುಟಿ ಓದುತ್ತಿದ್ದಳು. ಮಗ ವಾರಕ್ಕೊಮ್ಮೆ ಹಣ್ಣು ತಂದು, ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದ್ದ. ಅವನು ಬಂದಾಗಲೆಲ್ಲ ನಾನು ಹಲ್ಲು ಕಚ್ಚಿ ಕೂರುತ್ತಿದ್ದೆ. ಆಣೆ ಇಲ್ಲದಿದ್ದರೆ ಆ ಹಣ್ಣಿನಿಂದಲೇ ಅವನ ತಲೆಗೆ ಹೊಡೆಯುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸೊಸೆ ಬಂದಳು. ಅಕ್ಕ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಸೊಸೆ ಅಕ್ಕನ ಉಳಿದ ಬಟ್ಟೆಗಳ ಗಂಟನ್ನು ಕೆಳಗಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ಒದ್ದೆಯಾಗಿತ್ತು.

"ಚಿಕ್ಕಮ್ಮ, ನಿಮ್ಮಿಬ್ಬರ ಋಣ ನಾನು ತೀರಿಸೋಕಾಗಲ್ಲ. ಅಪ್ಪನ್ನ ಮನೆಗೆ ಕರ್ಕೊಂಡು ಬಂದ್ವಿ."

ಅವಳ ಅಪ್ಪ, ಅಂದರೆ ನಮ್ಮ ಬೀಗರು, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿ ಬೇರೆ ಊರಲ್ಲಿ ಒಬ್ಬರೇ ಇದ್ದರು. ಅವರಿಗೆ ಇವಳೊಬ್ಬಳೇ ಮಗಳು. ಅದು ನನಗೆ ಗೊತ್ತಿದ್ದದ್ದೇ.

"ಟಿವಿ ಅಂಗಡೀಲಿ ನಿಂತು ನಾನೇ ಇವರಿಗೆ ಹೇಳಿದ್ದೆ, ಅಪ್ಪನ್ನ ಆಶ್ರಮಕ್ಕೆ ಸೇರಿಸಿಬಿಡೋಣ, ಇಟ್ಕೊಳ್ಳೋಕೆ ಜಾಗ ಎಲ್ಲಿದೆ ಅಂತ. ಅಮ್ಮ ಬೀಗರು ಅಂದ್ರೆ ಎಷ್ಟು ಗೌರವ ಇಟ್ಕೊಂಡಿದ್ದಾರೆ, ಕೇಳಿದ್ರೆ ನೊಂದ್ಕೋತಾರೆ ಅಂತ ಇವರು ಹೇಳೋಕೇ ಬಿಡಲಿಲ್ಲ. ಅಷ್ಟರಲ್ಲಿ ಅಮ್ಮನೇ ಇಲ್ಲಿಗೆ ಬರ್ತೀನಿ ಅಂದ್ರು. ಅಮ್ಮನ ಮಂಚದಲ್ಲೇ ಅಪ್ಪನ್ನ ಮಲಗಿಸಿದ್ದೀವಿ."

ನಾನು ಅವಳಿಂದ ಕೈ ಬಿಡಿಸಿಕೊಂಡು ನಲ್ಲಿಯ ಕಡೆ, ಅಕ್ಕನ ಕಡೆ ನೋಡಿದೆ. ನೀವೇ ಕನ್ನಡಿಯ ಮುಂದೆ ನಿಂತು ಧ್ವನಿ ಇಲ್ಲದೆ ಅಪ್ಪ ಅನ್ನಿ, ಆಮೇಲೆ ಅಮ್ಮ ಅನ್ನಿ. ತುಟಿ ಮುಚ್ಚುವುದೂ ಒಂದೇ, ತೆರೆಯುವುದೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಶೆಡ್ಡಿನಲ್ಲಿ ನಮಗೆ ಅದು ಚೆನ್ನಾಗಿ ಗೊತ್ತಿತ್ತು. ಅಪ್ಪ ಎನ್ನಬೇಕಾದರೆ ಮೂಗಿನ ಕೆಳಗೆ ಬೆರಳಾಡಿಸಿ ಮೀಸೆ ತೋರಿಸುತ್ತಿದ್ದೆವು. ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ ಗಂಡನ ಹತ್ತಿರ ಪಿಸುಗುಟ್ಟುವಾಗ ಮೀಸೆ ಯಾಕೆ ತೋರಿಸುತ್ತಾಳೆ? ಆದರೆ ನಮ್ಮ ದುರ್ಬೀನಿಗೆ ಅದು ಹೊಳೆಯಬೇಕಿತ್ತು. ನನಗಾದರೂ ಹೊಳೆಯಬೇಕಿತ್ತು. ಮುದುಕಿಯರ ಎದೆಯೊಳಗೆ ಆ ಭಯ ಮೊದಲೇ ಕೂತಿರುತ್ತದೆ, ಅದಕ್ಕೆ ಎರಡನೆಯ ಅರ್ಥ ಹುಡುಕುವ ತಾಳ್ಮೆ ಇರುವುದಿಲ್ಲ.

ಅಕ್ಕ ಪಾತ್ರೆ ಹಿಡಿದು ಒಳಗೆ ಬಂದಳು. ನಾನು ಅವಳಿಗೆ ಬೀಗರ ವಿಷಯ ಹೇಳಿ, ಮೂಗಿನ ಕೆಳಗೆ ಬೆರಳಾಡಿಸಿದೆ. ಅವಳು ನನ್ನ ಬೆರಳನ್ನೇ ನೋಡಿದಳು. ಪಾತ್ರೆಯನ್ನು ಕೆಳಗಿಟ್ಟು ಗೋಡೆ ಹಿಡಿದು ಕೂತಳು. ಆಮೇಲೆ ನಾನು ಆಣೆಯನ್ನು ಗಾಳಿಗೆ ತೂರಿ, ಸೊಸೆಗೆ ಎಲ್ಲವನ್ನೂ ಬಡಬಡ ಹೇಳಿಬಿಟ್ಟೆ. ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಮಗ ಗೋದಾಮಿನಿಂದ ನೇರವಾಗಿ ಬಂದ. ಷರ್ಟಿನ ಮೇಲೆ ಇನ್ನೂ ರಟ್ಟಿನ ಧೂಳು. ಅಕ್ಕನ ಮುಂದೆ ನೆಲದ ಮೇಲೆ ಕೂತು ಅವಳ ಮೊಣಕಾಲು ಹಿಡಿದುಕೊಂಡ.

"ಅಮ್ಮ, ನಿನ್ನ ಬಗ್ಗೆ ಅಲ್ಲಮ್ಮ ಅವತ್ತು ಮಾತಾಡಿದ್ದು. ನಿನ್ನನ್ನ ನಾನು ಆಶ್ರಮಕ್ಕೆ ಕಳಿಸ್ತೀನಾ? ಹೇಗಮ್ಮ ಹಾಗಂದ್ಕೊಂಡೆ?"

"ನನ್ನನ್ನ ಕಳಿಸೋದು ನಿನ್ನ ಮನಸ್ಸಲ್ಲಿ ಇರಲೇ ಇಲ್ವಾ?"

"ದೇವರಾಣೆಗೂ ಇರಲಿಲ್ಲ."

ಅವನು ಬಿಕ್ಕಿ ಬಿಕ್ಕಿ ಅತ್ತ, ನಟನೆಯಲ್ಲ. ನಾನೂ ಅತ್ತೆ. ಇಷ್ಟು ದಿನ ಮನಸ್ಸಿನಲ್ಲೇ ಅವನಿಗೆ ಹಾಕಿದ ಶಾಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ. ಅಕ್ಕನ ಮುಖ ಅರಳಿದ್ದನ್ನು ಹೇಗೆ ಹೇಳಲಿ? ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕವಳಾಗಿಬಿಟ್ಟಳು. ಅವನ ತಲೆ ಸವರಿ, ಎದ್ದು, ಗೂಟಕ್ಕೆ ನೇತುಹಾಕಿದ್ದ ಬಟ್ಟೆಗಳನ್ನು ತೆಗೆದು ಮಡಿಸತೊಡಗಿದಳು. ಮಂಚದ ಕೆಳಗಿನಿಂದ ತನ್ನ ಚೀಲ ಎಳೆದು ಒಂದೊಂದಾಗಿ ತುಂಬಿದಳು. "ಒಂದು ಗಳಿಗೆ ತಡಿಯಪ್ಪ, ಬಂದೆ," ಎಂದಳು.

ಮಗ ಆ ಚೀಲವನ್ನು ನೋಡಿದ. ಒರೆಸುತ್ತಿದ್ದ ಕಣ್ಣನ್ನು ಒರೆಸುವುದು ಬಿಟ್ಟ. ಎದ್ದು ನಿಂತು, ಬಾಗಿಲ ಕಡೆಗೆ, ಓಣಿಯ ಕಡೆಗೆ ಮುಖ ತಿರುಗಿಸಿದ.

"ಈಗ ಮಾವನ್ನ ಎಲ್ಲಿಗೆ ಅಂತ ಕಳಿಸಲಿ? ಸ್ವಲ್ಪ ದಿನ ಹೋಗಲಿ, ಆಮೇಲೆ ನೋಡೋಣ," ಎಂದ. ಮೆಲ್ಲಗೆ ಹೇಳಿದ, ಆದರೆ ನನಗೆ ಸ್ಪಷ್ಟವಾಗಿ ಕೇಳಿಸಿತು.

ಆ ಹುಡುಗ ಮಾತು ಕಲಿತಂದಿನಿಂದ ಅಮ್ಮನಿಗೆ ಬೆನ್ನು ಮಾಡಿ ಮಾತಾಡಿದವನಲ್ಲ. ಜ್ವರದಲ್ಲಿ ಮಲಗಿದ್ದಾಗ ನೀರು ಬೇಕಾದರೂ ಕಷ್ಟಪಟ್ಟು ಅವಳ ಕಡೆ ಮಗ್ಗುಲಾಗಿಯೇ ಕೇಳುತ್ತಿದ್ದ. ಸಿಟ್ಟು ಬಂದು ಬೈಯುವಾಗಲೂ ಎದುರಿಗೆ ಬಂದು ನಿಂತೇ ಬೈಯುತ್ತಿದ್ದ.

ಮಡಿಸುತ್ತಿದ್ದ ಬಟ್ಟೆ ಅಕ್ಕನ ಕೈಯಲ್ಲಿ ಹಾಗೆಯೇ ನಿಂತಿತು. ಅವಳು ಅವನ ಬೆನ್ನನ್ನು ನೋಡಿದಳು. ಆಮೇಲೆ ಚೀಲದಿಂದ ಬಟ್ಟೆಗಳನ್ನು ಹೊರತೆಗೆದು, ಒಂದೊಂದನ್ನೇ ಕೊಡವಿ, ಮತ್ತೆ ಗೂಟಕ್ಕೆ ಹಾಕಿದಳು. ಅವನು ಏನಂದ ಎಂದು ನನ್ನನ್ನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.